ಐದು ನಿಮಿಷದ ಗಾಳಿ

ರುವೈಸ್ ಬಂದರಿನ ಹಿಂಬದಿ, ಕ್ರೇನುಗಳ ನೆರಳೂ ಬೀಳದ ಕಡೆ
ಅಡ್ಡ ಮಲಗಿದೆ ಒಂದು ಬಿಳಿ ಉಕ್ಕಿನ ಹಂಡೆ.
ಹೊರಗೆ ನಲವತ್ತಾರು ಡಿಗ್ರಿ, ಮರಳು, ಪಾರ್ಕಿಂಗ್ ಗೆರೆ.
ಒಳಗೆ ನಾವಿಬ್ಬರು, ಹದಿನೆಂಟು ಮೀಟರ್ ಆಳದಲ್ಲಿ.
ನೀರಿಲ್ಲ. ಆದರೂ ಆಳ.

ಶೀನ ಖಾರ್ವಿಯ ತಲೆಗೆ ಮೂರು ಸಲ ಸೋಪು ಹಾಕಿದ್ದೆ;
ಆಕ್ಸಿಜನ್ ಇರುವಲ್ಲಿ ಕೊಬ್ಬರಿ ಎಣ್ಣೆಯೂ ಬೆಂಕಿಗೆ ನೆಂಟ.
ವಾಚು, ಲೈಟರ್, ನೈಲಾನಿನ ಉಡಿದಾರ ಎಲ್ಲ ಬಿಚ್ಚಿಟ್ಟು
ಹತ್ತಿಯ ಅಂಗಿಯಲ್ಲಿ ಕೂತ, ಚೌಲಕ್ಕೆ ಕೂತ ಮಗುವಿನಂತೆ.

ಟ್ಯಾಂಕರಿನ ಹೊಟ್ಟೆ ಕೆರೆಯುವಾಗ ಹಗ್ಗ ಸಿಕ್ಕಿಕೊಂಡಿತಂತೆ.
ಬಿಡಿಸಿಕೊಂಡ. ಮೇಲೆ ಬರುವ ಲೆಕ್ಕ ತಪ್ಪಿತು.
ಗೋಲಿ ಸೋಡಾ ಒತ್ತಿದ ಹಾಗೆ ರಕ್ತ ಬುಸ್ಸೆಂದು
ಭುಜದಲ್ಲಿ ನೋವು, ಎಡಗಾಲು ಯಾರದೋ.
"ಎಂತ ಇಲ್ಯೆ ಮಾರಾಯ್ರೆ, ಜೋಮ್ ಹಿಡ್ದದ್ ಅಷ್ಟೆ."

ಇಪ್ಪತ್ತು ನಿಮಿಷ ಆಕ್ಸಿಜನ್. ಐದು ನಿಮಿಷ ಬರೀ ಗಾಳಿ.
ಮತ್ತೆ ಇಪ್ಪತ್ತು. ಮತ್ತೆ ಐದು.
ಗುಂಡು ಕಿಟಕಿಯಾಚೆ ಗಡಿಯಾರ ಹಿಡಿದು ಶಿಹಾತ, ಮನ್ಸೂರಾದವನು.
ನಡುವೆ ಆ ಐದು ಯಾಕೆ ಎಂದು ಶೀನ ಕೇಳಿದ.
ಉಸಿರಿಗೂ ಉಸಿರು ಬೇಕು ಎಂದೇನೋ ಹೇಳಿದೆ, ಸರಿಯಾಗಿ ಬರಲಿಲ್ಲ.
ಗುಳ್ಳೆ ಓಡಿಸಲು ನಾವೇ ಕರೆದ ಆಕ್ಸಿಜನ್
ಇಷ್ಟು ಒತ್ತಡದಲ್ಲಿ ಮೆದುಳಿನ ಬಾಗಿಲನ್ನೂ ಬಡಿಯುತ್ತದೆ.
ಬೆಲ್ಲದ ಡಬ್ಬಿ ಅಟ್ಟಕ್ಕೇರಿಸುತ್ತ ಅಮ್ಮ ಹೇಳುತ್ತಿದ್ದ ಅಮೃತದ ಗಾದೆ
ನಾನು ನಂಬಿರಲಿಲ್ಲ. ನಮ್ಮ ಕೇರಿಯಲ್ಲಿ
ಅಮೃತ ಯಾರ ಮನೆಯಲ್ಲೂ ಅತಿಯಾದದ್ದಿಲ್ಲ.

ಎರಡನೆಯ ಸುತ್ತು, ಹದಿನಾರನೆಯ ನಿಮಿಷ.
ಎಡಗಾಲಿನ ಹೆಬ್ಬೆರಳು ಆಡಿತು. ಖಂಡಿತ ಆಡಿತು.
ಮಾಸ್ಕಿನೊಳಗೆ ಅವನ ತುಟಿಯ ಮೂಲೆ ಮೇಲೆದ್ದಿತು.
ನಕ್ಕ ಅಂದುಕೊಂಡೆ. ನಾನೂ ನಕ್ಕೆ.
ಮತ್ತೆ ಎದ್ದಿತು. ಮತ್ತೆ.
ನಗು ಹೀಗೆ ತಾಳಕ್ಕೆ ಬರುವುದಿಲ್ಲ.

ಮಾಸ್ಕು ಕಿತ್ತೆ.
ಅಷ್ಟರಲ್ಲಿ ಬೆನ್ನು ಬಿಲ್ಲಾಗಿ, ಹಲ್ಲು ಬಿಗಿದು,
ಹಿಮ್ಮಡಿ ಉಕ್ಕಿಗೆ ಬಡಿಯತೊಡಗಿತು.
ಹೊರಗೆ ಕಂಪನಿಯವನೊಬ್ಬ ಕೂಗುತ್ತಿದ್ದ: ಮೇಲೆ ತನ್ನಿ, ಮೇಲೆ ತನ್ನಿ!
ಶಿಹಾತ ವಾಲ್ವು ಮುಟ್ಟಲಿಲ್ಲ.
ಕಟ್ಟಿದ ಉಸಿರನ್ನು ಮೇಲೆ ತಂದರೆ ಎದೆ ಸೀಳುತ್ತದೆ.
ಬಿದ್ದಲ್ಲೇ ಇರಬೇಕು, ಅದೇ ಆಳದಲ್ಲಿ,
ಅವನ ತಲೆ ನನ್ನ ತೊಡೆಯ ಮೇಲೆ,
ಸುತ್ತ ಕಂಪ್ರೆಸರಿನ ವಾಸನೆಯ ಪುಕ್ಕಟೆ ಗಾಳಿ.

ಕೊನೆಗೆ ಗೊರಕೆಯಂಥ ಒಂದು ಉಸಿರು.

ಎಲ್ಲ ತಣಿದ ಮೇಲೆ ಹದಿನೈದು ನಿಮಿಷ ಕಾದು
ಅದೇ ಮಾಸ್ಕನ್ನು ಅದೇ ಮುಖಕ್ಕೆ ಕಟ್ಟಿದೆ.
ಕಾಲಲ್ಲಿ ಗುಳ್ಳೆ ಇನ್ನೂ ಇತ್ತು, ಬೇರೆ ಮದ್ದಿಲ್ಲ.
"ಎಂತ ಆಯ್ತ್?" ಎಂದ.
ಸಣ್ಣ ನಿದ್ದೆ ಎಂದೆ.

ಮೊನ್ನೆ ಮೆಸ್ಸಿನಲ್ಲಿ, ಸುಲೈಮಾನಿ ಚಾ ಹೊತ್ತಿನಲ್ಲಿ,
ಯಾರದೋ ಮಾತಿಗೆ ಶೀನನ ತುಟಿಯ ಮೂಲೆ ಎದ್ದಿತು.
ನನ್ನ ಕೈ ಅವನ ಮುಖದ ತನಕ ಹೋಗಿ ನಿಂತಿತು.
ಎಲ್ಲರೂ ನೋಡಿದರು.
ನೊಣ, ಎಂದೆ.