ನಮ್ಮೂರ ರುಚಿಯ ಊಟ

ಮೇಲೆ ಎಂತ ನೋಡಿದೆ ಅಂತ ಕೇಳ್ತೀಯಲ್ಲ ಸೇವಂತಿ,
ಮೊದಲು ಆ ಬುಟ್ಟಿ ಸರಿಸು,
ಬಂಗಡೆಯ ನೀರು ನನ್ನ ಸೀರೆಗೆ ಬರ್ತಾ ಉಂಟು.
ಹಾಂ, ಈಗ ಹೇಳ್ತೇನೆ.

ರಾಯ್ಕರ ಮಾಸ್ತರರ ಬೌದ್ಧ ಹಿಮಾಲಯ ದರ್ಶನ,
ಹತ್ತೊಂಬತ್ತು ದಿನ, ಸಿಕ್ಕಿಂ, ಭೂತಾನ, ನೇಪಾಳ.
ಕಾರವಾರ, ಅಂಕೋಲೆ, ಕುಮಟೆಯ ಇಪ್ಪತ್ತಾರು ಮಂದಿ.
ಕರಪತ್ರದಲ್ಲಿ ಕೋಡಿಬಾಗದ ನಾಗುಬಾಯಿಯ ಹೆಸರಿಲ್ಲ;
‘ನಮ್ಮೂರ ರುಚಿಯ ಊಟ’ ಅಂತ ಕೆಂಪಕ್ಷರದಲ್ಲಿ ಅಚ್ಚಾಗಿತ್ತಲ್ಲ,
ಅದೇ ನಾನು.

ಎರಡು ಕುಕ್ಕರು, ಕುಚ್ಚಲಕ್ಕಿ, ಮುರುಗಲ ಸಿಪ್ಪೆ,
ನಲವತ್ತು ತೆಂಗಿನಕಾಯಿ. ರೈಲಿನಲ್ಲಿ ಅವುಗಳದ್ದೇ ಉರುಳಾಟ.
ಗಡಿಯ ಸಿಪಾಯಿ ಈಳಿಗೆಮಣೆ ಎತ್ತಿ ಹಿಡಿದು
ಇದು ಯಾವ ಆಯುಧ ಎಂಬಂತೆ ನೋಡಿದ.
ಅಲ್ಲೇ ನೆಲದ ಮೇಲೆ ಕೂತೆ. ಕಾಯಿ ಒಡೆದು ತುರಿದೆ.
ಒಂದು ಹಿಡಿ ಅವನ ಅಂಗೈಗೆ ಹಾಕಿದೆ.
ಮೆಲ್ಲುತ್ತಲೇ ಮುದ್ರೆ ಒತ್ತಿದ.

ಅವರು ಬೆಳಿಗ್ಗೆ ಬಂಡೆಯ ಮೇಲಿನ ಮಠಕ್ಕೆ ಹೊರಟರೆ
ನಾನು ಹೋಟೆಲಿನ ಹಿಂಬದಿಯಲ್ಲಿ ಅಕ್ಕಿಯ ಕಲ್ಲು ಆರಿಸುವುದು.
ಸಂಜೆ ಕಣ್ಣು ತುಂಬಿಕೊಂಡು ಬರ್ತಾರೆ,
ಬಂದವರೇ ಪಲ್ಯ ಎಂತದು ಅಂತಾರೆ.
ಗೈಡ್ ಸಂಗೇ ಹೇಳಿದನಂತೆ, ಎಲ್ಲ ಶೂನ್ಯ, ಎಲ್ಲವೂ ಶೂನ್ಯ.
ಇರಬಹುದು.
ರಾತ್ರಿ ಪಾತ್ರೆಯ ತಳ ಕೆರೆಯುವಾಗ ನನಗೂ ಕಂಡಿತು,
ಇಪ್ಪತ್ತಾರು ಮಂದಿ ಉಂಡ ಮೇಲೆ, ನಾನು ಉಣ್ಣುವ ಮೊದಲು.

ಅಲ್ಲಿ ನೀರು ಬೇಗ ಕುದಿಯುತ್ತದೆ ಮಾರಾಯ್ತಿ, ಬೇಳೆ ಬೇಯುವುದಿಲ್ಲ.
ನನ್ನ ಗಂಡನ ಹಾಗೆ: ಕುದಿತ ಜಾಸ್ತಿ, ಬಿಸಿ ಕಮ್ಮಿ.
ಕುಕ್ಕರಿನ ಒಂಬತ್ತು ಸೀಟಿಗೂ ಕಡಲೆ ಕಲ್ಲು.
ಹಿಮ ಬೀಳುವುದನ್ನು ನಾನು ನೋಡಲಿಲ್ಲ,
ಕೊಬ್ಬರಿ ಎಣ್ಣೆಯ ಬಾಟಲಿಯೊಳಗೆ ಬಿದ್ದದ್ದನ್ನು ಬಿಟ್ಟು.

ಒಂದು ದಿನ ಮಾತ್ರ ಹೋಟೆಲಿನ ಒಲೆ ಕೈಕೊಟ್ಟಿತು.
ಮಾಸ್ತರರು ಕೈಮುಗಿದು ಕೇಳಿ, ಮಠದ ಅಡುಗೆಮನೆಯಲ್ಲಿ ಜಾಗ ಕೊಡಿಸಿದರು.

ಒಳಗೆ ಕತ್ತಲೆ. ದೋಣಿಯಷ್ಟು ದೊಡ್ಡ ತಾಮ್ರದ ಹಂಡೆ.
ಅದರ ಬದಿಗೆ ಏಣಿಯ ಮೇಲೆ ಒಬ್ಬ ಮುದಿ ಸನ್ಯಾಸಿ,
ಹುಟ್ಟಿನಂಥ ಸೌಟು ಹಿಡಿದು, ಬೆವತು.
ಕಾಳಿ ನದಿಯ ಅಳಿವೆಯಲ್ಲಿ ನನ್ನಪ್ಪ ನಿಲ್ಲುತ್ತಿದ್ದದ್ದೂ ಹೀಗೇ,
ಒಂದು ಕಾಲು ಮುಂದೆ.

ಗೋಡೆಯಾಚೆ ಮಂತ್ರ ಶುರುವಾಯಿತು,
ಇಲ್ಲಿನ ಹಂಡೆಯೂ ಅದೇ ದನಿಯಲ್ಲಿ ಗುಂಯ್‌ಗುಟ್ಟಿತು.
ನೀನು ಹೋಗುವುದಿಲ್ಲವೋ ಅಂತ ಕೈಯಲ್ಲಿ ಕೇಳಿದೆ.
ನಕ್ಕ. ಒಲೆ ತೋರಿಸಿದ. ಬೆರಳು ಮಡಚಿದ,
ಹತ್ತು, ಮತ್ತೆ ಹತ್ತು, ಮತ್ತೆ ಹತ್ತು:
ಮೂವತ್ತು ವರ್ಷ ಅವನೂ ಗೋಡೆಯ ಈಚೆಗೇ.
ನೀನು? ಅಂತ ಹುಬ್ಬು ಹಾರಿಸಿದ.
ನಾನೂ ಒಲೆ ತೋರಿಸಿದೆ.

ಆಮೇಲೆ ಮಾತಿಲ್ಲ. ಅವನ ಮೂಲಂಗಿ ನಾನು ಹೆಚ್ಚಿದೆ,
ನನ್ನ ಕಾಯಿ ಅವನು ಒಡೆದ, ನೀರು ಚೆಲ್ಲಿ ಬೆಚ್ಚಿಬಿದ್ದ.
ಮುರುಗಲ ಸಾರು ಕುಡಿದು ಒಂದು ಕಣ್ಣು ಮುಚ್ಚಿದ,
ಇನ್ನೊಂದು ಬಟ್ಟಲಿಗೆ ಕೈ ಚಾಚಿದ.
ಗಂಟೆ ಬಾರಿಸಿತು. ಅವರವರ ಮಂದಿಗೆ ಬಡಿಸಲು
ಅವನು ಆ ಬಾಗಿಲಿನಿಂದ ಹೋದ, ನಾನು ಈ ಬಾಗಿಲಿನಿಂದ.

ಹೊರಡುವಾಗ ಇದನ್ನು ಕೊಟ್ಟ, ತಕೋ.
ಸಾಬೂನಲ್ಲವೇ ಪೆದ್ದಿ, ಚಮರಿಯ ಹಾಲಿನ ಗಿಣ್ಣು, ಒಣಗಿಸಿದ್ದು.
ಕಚ್ಚಬೇಡ, ಹಲ್ಲು ಹೋದೀತು.
ದವಡೆಗೆ ಒತ್ತಿ ಇಟ್ಟುಕೋ, ಅದಾಗಿಯೇ ಮೆತ್ತಗಾಗಬೇಕು.
ಒಂದು ತಾಸು. ಕೆಲವಕ್ಕೆ ಎರಡು.

ಅಕೋ, ಗಿರಾಕಿ.
ನೂರಕ್ಕೆ ಆರು ಕೊಡ್ತೀಯಾ ಅಂತ ಕೇಳ್ತಾ ಉಂಟು.
ಇಡೀ ಪೇಟೆ ಹೆದರುವ ನಿನ್ನ ಬಾಯಿ
ಒಂದು ಕಡೆ ಉಬ್ಬಿ, ಸುಮ್ಮನೆ ತಲೆ ಆಡಿಸಿತು.