ಎರಡೂ ಅಲ್ಲದ ವಾರ

ರಜೆಯ ಪಟ್ಟಿ ಡಿಪೋ ಎಲ್ಲ ಸುತ್ತಿ ನಮ್ಮ ಕೈಗೆ ಬರುವಾಗ
ಉಳಿದಿದ್ದು ಮೇ ತಿಂಗಳ ಎರಡನೇ ವಾರ.
ಗುರುಪಾದ ಕ್ವೀನ್‌ಬಿಯನ್ನಿನಲ್ಲಿ ಬಸ್ಸು ಓಡಿಸುತ್ತಾನೆ.
ಹಿರಿಯ ಡ್ರೈವರುಗಳು ಬೇಸಿಗೆ ತಗೊಂಡರು,
ಹುಡುಗರು ಹಿಮ ತಗೊಂಡರು,
ನಮಗೆ ಬಂತು ಎರಡೂ ಅಲ್ಲದ್ದು, ಅರ್ಧ ದರಕ್ಕೆ.

ಥ್ರೆಡ್ಬೋದಲ್ಲಿ ಹುಲ್ಲು ಕಂದಿ ಮಲಗಿತ್ತು.
ಲಿಫ್ಟಿನ ಕುರ್ಚಿಗಳನ್ನು ತಂತಿಯಿಂದ ಕಳಚಿ
ಶೆಡ್ಡಿನ ಹಿಂದೆ ಸಾಲಾಗಿ ಇಟ್ಟಿದ್ದರು,
ಮದುವೆ ಮುಗಿದ ಛತ್ರದ ಹಿತ್ತಿಲ ಹಾಗೆ.
ಲಾಡ್ಜಿಗೆ ನಾಲಿಗೆ ತಿರುಗದ ಸ್ವಿಸ್ ಹೆಸರು,
ಬಾಲ್ಕನಿಯ ಹಲಗೆಯಲ್ಲಿ ಕೊರೆದ ಹೃದಯಗಳು,
ಕೌಂಟರಿನ ಮೇಲೆ ಹಸುವಿನ ಕೊರಳಗಂಟೆ,
ಬೋಗುಣಿಯಷ್ಟು ದೊಡ್ಡದು.
ಇವನು ಬಾರಿಸಿದ. ಮತ್ತೆ ಬಾರಿಸಿದ.
ಮೂರನೆಯದಕ್ಕೆ ವೆರೀನಾ ಬಂದಳು,
ಮೊಣಕೈವರೆಗೆ ಬಿಳಿ ಪೇಂಟು.
ಅವಳಪ್ಪ ಸುರಂಗ ಕೊರೆಯಲು ಬಂದವನಂತೆ,
ಸುರಂಗ ಮುಗಿದರೂ ಹೊರಗೆ ಹೋಗಲಿಲ್ಲವಂತೆ.
ಹನ್ನೆರಡು ಕೋಣೆ, ನೀವಿಬ್ಬರೇ,
ಬೇಕಾದ್ದು ಆರಿಸಿ ಅಂದಳು.
ಆರಿಸಲು ಅರ್ಧ ಗಂಟೆ ಹಿಡಿಯಿತು ನಮಗೆ;
ಪರದೆಯ ಬಣ್ಣಕ್ಕೂ ಒಮ್ಮತವಿಲ್ಲದ ಮನೆಯವರು.

ಮರುದಿನ ಕೂಮಾ.
ಬೇಕರಿಯ ಪೈಗೆ ಟೋಪಿ ತೆಗೆಸಿದ ಹಾಗೆ ಮುಚ್ಚಳ ಎತ್ತಿ
ಇವನು ಚಟ್ನಿಪುಡಿ ಉದುರಿಸಿದ.
ಅಂಗಡಿಯ ಮುದುಕ ನೋಡಿದ, ಒಂದು ಚಿಟಿಕೆ ಬೇಡಿದ,
ಕೆಮ್ಮಿದ, ಕಣ್ಣೊರೆಸಿಕೊಂಡ,
ಇನ್ನೊಂದು ಚಿಟಿಕೆ ಬೇಡಿದ.
ಕೂಮಾದಲ್ಲಿ ನೋಡಿದ್ದು ಇಷ್ಟೇ. ಉಳಿದದ್ದಕ್ಕೆಲ್ಲ ಬೀಗ.

ಆಮೇಲೊಂದು ದಿನ ಜಿಂಡಬೈನ್ ಸರೋವರ.
ಈ ನೀರಿನಡಿ ಹಳೆಯ ಊರಿದೆ ಎಂದು
ಯಾರೋ ನಾಯಿ ಅಡ್ಡಾಡಿಸುತ್ತಿದ್ದವರು ಹೇಳಿದರು,
ಅಣೆಕಟ್ಟಿಗೆ ಬಿಟ್ಟುಕೊಟ್ಟದ್ದು.
ನಾನು ಮನೆಗಳನ್ನು ನೆನೆದೆ, ಒಲೆಗಳನ್ನು,
ಬಾವಿ ಈಗ ಯಾವ ನೀರಿಗೆ ಬಾವಿ ಅಂತ.
ಗುರುಪಾದ ಬಹಳ ಹೊತ್ತಿನ ಮೇಲೆ ಕೇಳಿದ:
"ಅಲ್ಲಾ, ಹಳೇ ಬಸ್‌ಸ್ಟಾಪು ಎಲ್ಲಿತ್ತೋ?"
ನಕ್ಕೆ. ಮೂವತ್ತು ವರ್ಷದಿಂದ ಇವನ ಕಣ್ಣಿಗೆ
ಭೂಮಿಯೆಂದರೆ ಸ್ಟಾಪು, ಮತ್ತೆ ಮುಂದಿನ ಸ್ಟಾಪು.
ರಾತ್ರಿ ಹೀಟರು ಟಿಕ್ ಟಿಕ್ ಅನ್ನುವಾಗ
ನಗು ಹೋಗಿ ಅದೇ ಉಳಿಯಿತು:
ಕೊನೆಯ ದಿನದ ಕೊನೆಯ ಬಸ್ಸನ್ನು ಯಾರು ಓಡಿಸಿದರು,
ಯಾರೂ ಕೈ ಮಾಡದಿದ್ದರೂ ಅಲ್ಲಿ ನಿಲ್ಲಿಸಿದರೆ.

ಡೆಡ್ ಹಾರ್ಸ್ ಗ್ಯಾಪಿಗೆ ನಡೆದ ದಿನ ಮಂಜು.
ಬೆಟ್ಟ ಇದೆಯೆಂದು ನಂಬಿಕೊಂಡು ಇಪ್ಪತ್ತು ನಿಮಿಷ ಹತ್ತಿದೆವು.
ಸತ್ತ ಕುದುರೆಯ ಹೆಸರಿನ ಆ ತಾವಿನಲ್ಲಿ
ಹಾದಿಯ ನಡುವೆ ಬಿಸಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು.
ಕುದುರೆ ಕಾಣಲಿಲ್ಲ.
ಅದಕ್ಕೆ ನಾವು ಕಂಡಿರಬೇಕು.

ಒದ್ದೆ ಬೂಟು ಇಡಲು ನೆಲಮಾಳಿಗೆಗೆ ಇಳಿದೆ.
ಒಣಗಿಸುವ ಕೋಣೆ; ನೂರು ಮೊಳೆ, ನೂರೂ ಖಾಲಿ,
ಮೂಲೆಯದೊಂದರಲ್ಲಿ ಕೆಂಪು ಕೈಚೀಲ ಒಂಟಿ,
ಮಗುವಿನದು, ಕಳೆದ ಚಳಿಗಾಲದ್ದು.
ಬೆರಳು ತೂರಿಸಿದೆ. ಎರಡನೇ ಗಿಣ್ಣಿಗೆ ನಿಂತಿತು.
ಆ ಅಳತೆಯದು ನಾವು ಯಾವತ್ತೂ ಕೊಂಡಿಲ್ಲ.
ಹಿಂದೆ ಇವನು ಬಂದು ನಿಂತಿದ್ದ, ಬೂಟು ಕೈಯಲ್ಲಿ ಹಿಡಿದು;
ಏನೂ ಅನ್ನಲಿಲ್ಲ,
ನೂರು ಮೊಳೆ ಬಿಟ್ಟು
ಅದರ ಪಕ್ಕದ ಮೊಳೆಗೇ ತನ್ನ ಟೋಪಿ ತೂಗುಹಾಕಿದ.

ಹೊರಡುವ ಬೆಳಿಗ್ಗೆ ಹಿಮ ಬಿತ್ತು,
ಅಕ್ಕಿಹಿಟ್ಟು ಜರಡಿ ಹಿಡಿದಷ್ಟು, ಅಷ್ಟೇ.
ವೆರೀನಾ ಓಡಿ ಬಂದು ಆಕಾಶ ನೋಡಿದಳು,
ಒಳಗೆ ಹೋಗಿ ದರದ ಹಲಗೆ ಒರೆಸಿದಳು.
ನಾವು ಹಳೇ ದರದವರು, ಬೇಗ ಹೊರಟೆವು.

ಜಿಂಡಬೈನ್ ಬಂತು. ಸರೋವರದ ಪಕ್ಕ,
ಬೋರ್ಡಿಲ್ಲ, ಬೆಂಚಿಲ್ಲ, ಬರೀ ನೀರಂಚು,
ಇವನು ಇಂಡಿಕೇಟರ್ ಹಾಕಿ
ಕಾರನ್ನು ಎಡಕ್ಕೆ ತಂದು ನಿಲ್ಲಿಸಿದ.
ಎಂಜಿನ್ ಆಫ್ ಮಾಡಲಿಲ್ಲ.
ಕನ್ನಡಿ ನೋಡಿದ. ಗಡಿಯಾರ ನೋಡಿದ.
ಯಾರೂ ಹತ್ತಲಿಲ್ಲ.
ಹೊರಟೆವು.