ಬಲೆಯ ಕಣ್ಣು

ಜನಗಣತಿಯ ಹುಡುಗ ದೋಣಿಯಿಂದ ಇಳಿದಾಗ
ಒಂದು ಕಾಲು ನೀರಿಗೆ, ಇನ್ನೊಂದು ಯಾರದೋ ಅಂಗಳಕ್ಕೆ.
ನಡುವೆ ದಡ ಅಂತ ಬೇರೆ ಉಳಿದಿಲ್ಲ ಈ ದ್ವೀಪದಲ್ಲಿ.
ತಗಡಿಗೆ ತಗಡು ತಾಗಿ
ಒಬ್ಬರ ಕೆಮ್ಮಿಗೆ ಮೂರು ಮನೆ ಎಚ್ಚರ.

ಮೊನ್ನೆ ರಾತ್ರಿ ಈ ಕೋಣೆಯಲ್ಲಿ ಮಲಗಿದ್ದವರೆಷ್ಟು?
ಅವನ ಕೈಯ ಪರದೆಯಲ್ಲಿ ಒಂದೇ ಒಂದು ಚೌಕ.
ಹೊಸ್ತಿಲಲ್ಲಿ ಕೂತವಳು ನಕ್ಕಳು:
ಚಂದ್ರನಿಲ್ಲದ ರಾತ್ರಿ ಯಾವ ಗಂಡಸು ಮಲಗುತ್ತಾನಪ್ಪ ಇಲ್ಲಿ?
ಎಲ್ಲ ಲೋಲ್ವೆಯ ಮೇಲೆ, ದೀಪ ತೇಲಿಬಿಟ್ಟು
ಒಮೆನಾ ಮೀನಿಗೆ ಕಾಯುತ್ತ.
ಅವರೆದ್ದ ಚಾಪೆಯಲ್ಲಿ ನಾವು,
ನಾವೆದ್ದ ಬಿಸುಪಿನಲ್ಲಿ ಅವರು.
ಈ ಊರಲ್ಲಿ ನಿದ್ದೆಗೆಟ್ಟದ್ದು ಚಾಪೆ, ಅದನ್ನು ಬರಕೋ.

ಪಕ್ಕದಲ್ಲೇ ಅವಿಟಿ ಮುದುಕಿ, ಉಳಿದ ಹಲ್ಲಲ್ಲಿ ದಾರ ಕಡಿಯುತ್ತ.
ಅವಿಟಿ ಎಂದರೆ ಬಿಸಾಕಿದ್ದು.
ಅವಳಿಗಿಂತ ಮುಂಚಿನ ಐವರು
ಹೆಸರು ಹಿಡಿದು ಕರೆಯುವ ಮೊದಲೇ ಹೋದರಂತೆ.
ಆರನೆಯದನ್ನು ತಾಯಿ ದಾರಿಯಲ್ಲಿಟ್ಟಳು,
ನೆರೆಯವಳು ಎತ್ತಿಕೊಂಡಳು.
ನಮ್ಮ ಕಡೆ ತಿಪ್ಪವ್ವ, ತಿಪ್ಪಣ್ಣ ಅಂತ ಇಡುತ್ತಿರಲಿಲ್ಲವೆ, ಹಾಗೆ,
ಸಾವಿಗೂ ಹೇಸಿಗೆಯಾಗಲಿ ಎಂದು.

ಬಿಸಾಕಿದವಳಿಗೆ ಒಂಬತ್ತು ಮಕ್ಕಳು.
ಒಂಬತ್ತರ ತೋಳಲ್ಲೂ ಸೂಜಿಯ ಗುಳಿ.
ಒಂಬತ್ತೂ ಬದುಕಿಬಿಟ್ಟವು.
"ನಾಲ್ಕಾದರೂ ಹೋಗುತ್ತವೆ ಅಂತ ಹೆತ್ತದ್ದು" ಎನ್ನುತ್ತಾಳೆ,
ನೆಂಟ ಬಾರದೆ ಮಿಕ್ಕ ಅಡುಗೆಯ ಬಗ್ಗೆ ಹೇಳುವಷ್ಟು ಸಲೀಸಾಗಿ.
ಹೆಚ್ಚಾದವರು ಯಾರು? ಹೆಸರು ಕೇಳು:
ಅಬುಟೊ, ಒಗುಟು, ನ್ಯಾಂಗ್ವೆಸೊ, ಕುಂಟುವ ಒಡೆರಾ…
ಯಾವುದರ ಮೇಲೆ ಗೀಟು ಎಳೆಯುತ್ತೀ?

ಸರೋವರದ ಲೆಕ್ಕ ಅವಳ ಬೆರಳಲ್ಲಿದೆ.
ಅಪ್ಪನ ಬಲೆಯ ಕಣ್ಣಲ್ಲಿ ನಾಲ್ಕು ಬೆರಳು ಹೋಗುತ್ತಿತ್ತು.
ಗಂಡನದರಲ್ಲಿ ಮೂರು.
ಮಗನದರಲ್ಲಿ ಎರಡು, ಅದೂ ಬಳೆಗಾರ ಕೈ ಹಿಂಡಿದ ಹಾಗೆ.
ಮೊಮ್ಮಗನ ಬಲೆಗೆ ಕಿರುಬೆರಳ ಉಗುರು, ಅಷ್ಟೆ.

ನಡುವೆ ಯಾರೋ ಬಕೆಟ್ಟಿನಲ್ಲಿ ತಂದು ಬಿಟ್ಟರು ಎಂಬುಟಾ.
ಆಳುದ್ದ ಬೆಳೆಯಿತು ಆ ಮೀನು.
ನೂರು ಬಣ್ಣದ ಫುಲುಗಳನ್ನು ನುಂಗಿತು,
ನುಂಗಲು ಏನೂ ಸಿಗದ ದಿನ ತನ್ನ ಮರಿಗಳನ್ನೇ.
ಅದರ ಬೆನ್ನಿಗೇ ಬಂದದ್ದು ಈ ತಗಡು, ಐಸು ಪೆಟ್ಟಿಗೆ,
ಎರಡು ಬಾರು, ಒಂದು ಪ್ರಾರ್ಥನೆಯ ಮೈಕು.
ಈಗ ಮಾಂಸ ವಿಮಾನ ಹತ್ತುತ್ತೆ,
ತಲೆ ಮತ್ತು ಮುಳ್ಳು ದ್ವೀಪಕ್ಕೆ.

ಮೊಮ್ಮಗಳು ಅಪೊಂಡಿಯ ತೋಳಿನ ಚರ್ಮದಡಿ
ಬೆಂಕಿಕಡ್ಡಿಯಷ್ಟೊಂದು ಕಡ್ಡಿ.
ಎರಡೇ ಸಾಕು ಅನ್ನುತ್ತಾಳೆ ಅವಳು.
ಅಜ್ಜಿ ಬಲೆಯ ಗಂಟು ನೋಡುವಂತೆ ಅದನ್ನು ಒತ್ತಿ ನೋಡಿದ್ದಾಳೆ.
ಸರಿ ಅಂದಿಲ್ಲ. ತಪ್ಪು ಅಂತಲೂ.

ಹುಡುಗ ಏಳುವ ಹೊತ್ತಿಗೆ ಮಕ್ಕಳ ಗದ್ದಲ:
ಡಬ್ಬಿಯಲ್ಲೊಂದು ಫುಲು!
ಮುಗಿದೇ ಹೋಯಿತೆಂದು ಅವಿಟಿ ಎಂದೋ ಅತ್ತಾಗಿದ್ದ ಜಾತಿ.
ಬೂದಿಬಣ್ಣದ ಹೆಣ್ಣು,
ಎಲೆಅಡಿಕೆ ತುರುಕಿಕೊಂಡಂತೆ ದವಡೆ ಉಬ್ಬಿದೆ.
ಹೆದರಿ ಬಾಯಿ ಬಿಟ್ಟಿತು. ಹೊರಗೆ ಮರಿಗಳು,
ಸಾಸಿವೆಗೆ ಕಣ್ಣು ಮೂಡಿದ ಹಾಗೆ.

ಒಂದು, ಎರಡು… ಹುಡುಗನಿಗೆ ಅಭ್ಯಾಸಬಲ.
ಹನ್ನೊಂದಕ್ಕೆ ಮುದುಕಿ ಅವನ ಬಾಯಿ ಮುಚ್ಚಿದಳು:
ತಾಯಿಯ ಎದುರು ಎಣಿಸಬಾರದು.

ಡಬ್ಬಿ ಹಿಡಿದು ಮಂಡಿಯುದ್ದ ನೀರಿಗಿಳಿದಳು,
ಮೊಮ್ಮಗನ ಬಲೆ ಒಣಗುತ್ತಿದ್ದ ಕಲ್ಲಿನಾಚೆ.
ಬಗ್ಗಿ ನಿಂತಳು, ಬಹಳ ಹೊತ್ತು,
ಒಂದೊಂದೇ ಮರಿ ತಾಯ ಬಾಯಿಗೆ ಮರಳುವವರೆಗೂ.

ಅತ್ತ ಅಂಚುಮಟ್ಟ ತುಂಬಿದ ದೋಣಿಯವನು
ಹುಡುಗನಿಗೋ ಯಾರಿಗೋ ಕೂಗುತ್ತಿದ್ದ:
ಇನ್ನೊಂದು ಜಾಗ ಇದೆ, ಬನ್ನಿ, ಬೇಗ,
ಒತ್ತಿ ಕೂತರೆ ಇನ್ನೂ ಒಂದಿದೆ.